ಮುನಿರಾಜು ನೋಡಿ ಬಂದ ಮಾಯಾ ಬಾವಿ

ನನಗೆ ಬಿ.ಪಿ. ಇದೆ, ಸ್ವಲ್ಪ ಶುಗರ್ ಇದೆ, ಎಡಮಂಡಿ ಸವೆದಿದೆ. ಇವನ್ನೆಲ್ಲ ಪಾರ್ಕಿನಲ್ಲಿ ಯಾರು ಕೇಳಿದರೂ, ಕೇಳದಿದ್ದರೂ ಹೇಳಿಕೊಳ್ಳುತ್ತೇನೆ. ನನ್ನ ವಯಸ್ಸಿನವರೆಲ್ಲ ಹಾಗೆಯೇ. ಕೆಲವರಂತೂ ತಮ್ಮ ಶುಗರ್ ಪಕ್ಕದವರ ಶುಗರಿಗಿಂತ ಜಾಸ್ತಿ ಎಂದು ಹೇಳುವಾಗ, ಮಗಳಿಗೆ ರ‍್ಯಾಂಕ್ ಬಂದವರ ಹಾಗೆ ಹಿಗ್ಗುತ್ತಾರೆ. ಆದರೆ "ನನಗೆ ಹೊಟ್ಟೆಕಿಚ್ಚು ಇದೆ" ಎಂದು ಒಪ್ಪಿಕೊಂಡ ಒಬ್ಬನನ್ನೂ ಈ ಶಂಕರಪುರದಲ್ಲಿ ನಾನು ಕಂಡಿಲ್ಲ. ಕೋಪವನ್ನು ಜನ ಒಪ್ಪಿಕೊಳ್ಳುತ್ತಾರೆ. "ನನಗೆ ಸ್ವಲ್ಪ ಮುಂಗೋಪ ಸಾರ್" ಎನ್ನುವುದರಲ್ಲಿ ಒಂದು ಗತ್ತೂ ಇದೆ. ಮತ್ಸರ ಮಾತ್ರ ಅರಿಷಡ್ವರ್ಗದ ಪಟ್ಟಿಯಲ್ಲಿ ಕೊನೆಯದು, ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿರುವ ಹುಡುಗ. ಮೂವತ್ತು ವರ್ಷ ಮೇಷ್ಟರಾಗಿದ್ದವನು ನಾನು. ಅಂಥವನನ್ನು ಎಬ್ಬಿಸಿ ನಿಲ್ಲಿಸದಿದ್ದರೆ ನನಗೆ ಸಮಾಧಾನವಿಲ್ಲ. ಆದ್ದರಿಂದ ಹೇಳಿಬಿಡುತ್ತೇನೆ: ನನಗೆ ಹೊಟ್ಟೆಕಿಚ್ಚು ಇದೆ. ಅದಕ್ಕೆ ಕಾರಣ ನನ್ನ ಗೆಳೆಯ ಮುನಿರಾಜು ಮಾಡಿಬಂದ ಒಂದು ದಿನದ ಬಸ್ಸಿನ ಪ್ರವಾಸ.

ಹೊಟ್ಟೆಕಿಚ್ಚಿಗೂ ಒಂದು ಸರಹದ್ದು ಉಂಟು. ಯಾವನೋ ಕೋಟ್ಯಧೀಶ ಸ್ವಂತಕ್ಕೊಂದು ವಿಮಾನ ಕೊಂಡ ಎಂದು ಪೇಪರಿನಲ್ಲಿ ಓದಿದರೆ ನನ್ನ ಹೊಟ್ಟೆ ತಣ್ಣಗೇ ಇರುತ್ತದೆ. ಎದುರು ಮನೆಯವರ ಹೊಸ ಕಾರು ನೋಡಿದರೂ ಏನೂ ಆಗುವುದಿಲ್ಲ. ಅದನ್ನು ನಿಲ್ಲಿಸಲು ಅವರು ಪಡುವ ಪಾಡನ್ನು ನೋಡಿ ಸ್ವಲ್ಪ ಖುಷಿಯೇ ಆಗುತ್ತದೆ. ಆದರೆ ಜೊತೆಯಲ್ಲಿ ಓದಿದವನು, ದಿನಾ ಬೆಳಿಗ್ಗೆ ಜೊತೆಯಲ್ಲಿ ನಡೆಯುವವನು, ಬೈಟು ಕಾಫಿಯಲ್ಲಿ ಇನ್ನರ್ಧ ಕುಡಿಯುವವನು, ನಾನು ಜೀವಮಾನವೆಲ್ಲ ನೋಡಬೇಕೆಂದುಕೊಂಡದ್ದನ್ನು ತಾನು ಬಯಸದೆಯೇ ನೋಡಿಕೊಂಡು ಬಂದರೆ, ಆಗ ಹೊತ್ತಿಕೊಳ್ಳುತ್ತದೆ. ಯಾವ ಜೆಲುಸಿಲ್ ಮಾತ್ರೆಗೂ ಅದು ಬಗ್ಗುವುದಿಲ್ಲ.

ನಾನು ಚಾಮರಾಜಪೇಟೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುತ್ತಿದ್ದೆ. ಪಠ್ಯದಲ್ಲಿ ಅಮೆರಿಕ ಖಂಡದ ಪುರಾತನ ನಾಗರಿಕತೆಗಳ ಬಗ್ಗೆ ಒಂದೂವರೆ ಪುಟ ಇತ್ತು. ಪರೀಕ್ಷೆಗೆ ಬರುವುದಿಲ್ಲವೆಂದು ಬೇರೆ ಮೇಷ್ಟರುಗಳು ಅದನ್ನು ಹಾರಿಸಿಬಿಡುತ್ತಿದ್ದರು. ನಾನು ಅದಕ್ಕೆ ಮೂರು ಪೀರಿಯಡ್ ತೆಗೆದುಕೊಳ್ಳುತ್ತಿದ್ದೆ. ಬೋರ್ಡಿನ ಮೇಲೆ ಮಾಯಾ ಜನರ ಮೆಟ್ಟಿಲು ಗೋಪುರ ಬರೆಯುತ್ತಿದ್ದೆ. ಒಂದೊಂದು ಕಡೆಗೆ ತೊಂಬತ್ತೊಂದು ಮೆಟ್ಟಿಲು, ನಾಲ್ಕು ಕಡೆ ಸೇರಿದರೆ ಮುನ್ನೂರ ಅರವತ್ತನಾಲ್ಕು, ಮೇಲಿನ ಜಗಲಿ ಒಂದು ಸೇರಿದರೆ ವರ್ಷದ ದಿನಗಳ ಲೆಕ್ಕ. ಹಗಲು ರಾತ್ರಿ ಸಮನಾಗುವ ದಿನ ಇಳಿಬಿಸಿಲಿನಲ್ಲಿ ಅದರ ಅಂಚಿನ ಮೇಲೆ ನೆರಳಿನ ಹಾವೊಂದು ಇಳಿಯುವುದನ್ನು ಹೇಳುವಾಗ ನನ್ನ ಕೈಯೇ ಹಾವಿನ ಹಾಗೆ ಇಳಿಯುತ್ತಿತ್ತು. ಸೊನ್ನೆಯನ್ನು ಅವರೂ ಕಂಡುಹಿಡಿದುಕೊಂಡಿದ್ದರು ಎಂದಾಗ ಮಕ್ಕಳು ನಕ್ಕರೆ, ನಿಮಗೆ ಅದು ಸುಲಭವಾಗಿ ಸಿಕ್ಕಿದೆ, ಅವರು ಕಷ್ಟಪಟ್ಟು ಪಡೆದರು ಎನ್ನುತ್ತಿದ್ದೆ. ಇಷ್ಟೆಲ್ಲ ಹೇಳಿದ ನಾನು ಮಾಡಿದ ಅತಿ ದೂರದ ಪ್ರವಾಸವೆಂದರೆ ಕನ್ಯಾಕುಮಾರಿ. ಪಾಸ್‌ಪೋರ್ಟ್ ಒಂದನ್ನು ಮಾಡಿಸಿದ್ದೆ. ಅದು ಗ್ಯಾಸ್ ಸಂಪರ್ಕಕ್ಕೆ ವಿಳಾಸದ ದಾಖಲೆಯಾಗಿ ದುಡಿದು, ಒಂದು ಮುದ್ರೆಯನ್ನೂ ಕಾಣದೆ ಅವಧಿ ಮುಗಿಸಿತು.

ಮುನಿರಾಜುವಿಗೆ ಬಿನ್ನಿಪೇಟೆಯಲ್ಲಿ ಬೋರ್‌ವೆಲ್ ಮೋಟರು, ಪೈಪು, ನಲ್ಲಿ ಮಾರುವ ಅಂಗಡಿ. ನನ್ನ ಜೊತೆ ಓದುವಾಗ ಅವನಿಗೆ ಚರಿತ್ರೆಯೆಂದರೆ ಒಂದೇ ವಾಕ್ಯ: ರಸ್ತೆಯ ಎರಡೂ ಬದಿಗೆ ಸಾಲುಮರಗಳನ್ನು ನೆಡಿಸಿದನು. ಯಾವ ರಾಜನ ಬಗ್ಗೆ ಕೇಳಿದರೂ ಅವನು ಮರ ನೆಡಿಸುತ್ತಿದ್ದ. ಉಳಿದ ಅಂಕಗಳು ನನ್ನ ಉತ್ತರ ಪತ್ರಿಕೆಯಿಂದ ಅವನಿಗೆ ಹರಿದು ಹೋಗುತ್ತಿದ್ದವು. ಅಂಥವನನ್ನು ಮೋಟರು ಕಂಪನಿಯವರು, ಟಾರ್ಗೆಟ್ ಮುಟ್ಟಿದ ಡೀಲರುಗಳೆಲ್ಲರ ಜೊತೆ, ಹೆಂಡತಿ ಸಮೇತ ಮೆಕ್ಸಿಕೋಗೆ ಕರೆದುಕೊಂಡು ಹೋಗುವುದೆಂದು ತೀರ್ಮಾನಿಸಿದರು.

"ಅಲ್ಲಿ ಒಂದಿನ ಬಸ್ಸಲ್ಲಿ ಮಾಯಾ ಜನರದ್ದು ಅದೇನೋ ತೋರಿಸ್ತಾರಂತೆ. ಗೈಡೂ ಇರ್ತಾನಂತೆ. ನೀನು ಹೇಳ್ತಿದ್ಯಲ್ಲ, ಅದೇ ತಾನೆ? ಏನೇನ್ ನೋಡ್ಬೇಕು ಹೇಳೋ" ಎಂದು ಪಾರ್ಕಿನಲ್ಲಿ ಕೇಳಿದ.

ನಾನು ಒಂದು ಗಂಟೆ ಹೇಳಬಹುದಿತ್ತು. ಕೇಳುವವರು ಸಿಕ್ಕರೆ ನಿಲ್ಲದ ಬಾಯಿ ನನ್ನದು. ಆದರೆ ಆ ದಿನ, "ಏನೋ ಕಲ್ಲುಗಳಿವೆ ಕಣೋ. ಬಿಸ್ಲು ಜಾಸ್ತಿ. ಟೋಪಿ ತಗೊಂಡ್ಹೋಗು" ಎಂದೆ. ಚಿಕ್ಕವನಿದ್ದಾಗ ಉತ್ತರ ಪತ್ರಿಕೆ ತೋರಿಸಿದವನು ಅರವತ್ತಾರನೆಯ ವಯಸ್ಸಿನಲ್ಲಿ ಕೈ ಅಡ್ಡ ಇಟ್ಟುಕೊಂಡೆ.

ಅವನು ಹೋದ ಮೇಲೆ ವಾಟ್ಸಾಪಿನಲ್ಲಿ ಫೋಟೋಗಳು ಬರತೊಡಗಿದವು. ಎಲ್ಲದರಲ್ಲೂ ಮುಂದೆ ಮುನಿರಾಜು, ಹಿಂದೆ ನಾಗರಿಕತೆ. ಅವನ ಹೊಟ್ಟೆ ಗೋಪುರದ ನಾಲ್ಕರಲ್ಲಿ ಮೂರು ಪಾಲನ್ನು ಮುಚ್ಚಿತ್ತು. ನಾನು ಎರಡು ಬೆರಳಿನಿಂದ ಫೋಟೋ ಹಿಗ್ಗಿಸಿ, ಅವನ ಭುಜವನ್ನು ಆಚೆ ಸರಿಸಿ, ಕಿವಿಯ ಪಕ್ಕದಲ್ಲಿ ಕಾಣುತ್ತಿದ್ದ ಕಂಬಗಳ ಸಾಲನ್ನು ಎಣಿಸುತ್ತಿದ್ದೆ. ಒಂದು ಫೋಟೋದಲ್ಲಿ ಅವನು ಟೋಪಿ ಹಾಕಿಕೊಂಡಿದ್ದ. ನಾನು ಕೊಟ್ಟ ಒಂದೇ ಸಲಹೆಯನ್ನು ಪಾಲಿಸಿ, ಆ ಟೋಪಿಯಿಂದ ಉಳಿದ ಒಂದು ಪಾಲನ್ನೂ ಮುಚ್ಚಿದ್ದ. ನನ್ನ ಹೆಂಡತಿ ಇಣುಕಿ ನೋಡಿ, "ಎಷ್ಟು ಹೊತ್ತು ಅವರ ಕಿವಿ ನೋಡ್ತೀರಾ?" ಎಂದಳು.

ಊರಿಗೆ ವಾಪಸು ಬಂದ ಎರಡನೆಯ ದಿನ ಪಾರ್ಕಿನ ಕಲ್ಲುಬೆಂಚಿನ ಮೇಲೆ ಅವನ ಪ್ರವಾಸ ಕಥನ ಶುರುವಾಯಿತು. ನಮ್ಮ ಗುಂಪಿನಲ್ಲಿ ಆರೇಳು ಜನ. ಎಲ್ಲರೂ ಸುತ್ತ ನಿಂತರು. ನಾನು ಸ್ವಲ್ಪ ದೂರದಲ್ಲಿ ಮಂಡಿಯ ವ್ಯಾಯಾಮ ಮಾಡುತ್ತ, ಕಿವಿಯನ್ನು ಮಾತ್ರ ಅಲ್ಲಿಗೆ ಕಳಿಸಿದ್ದೆ.

"ಗೈಡು ಎಲ್ರೂ ಕೈ ತಟ್ಟಿ ಅಂದ. ತಟ್ಟಿದ್ವಿ. ಗೋಪುರದ ಮೆಟ್ಟಿಲಿಂದ ಹಕ್ಕಿ ಕೂಗ್ದಂಗೆ ವಾಪಸ್ ಕೇಳ್ತು! ಮೈ ಜುಂ ಅಂತು. ಆಮೇಲೆ ಬಾವಿ. ಅಯ್ಯಯ್ಯೋ, ಏನ್ ಬಾವಿ ಅಂತೀರಾ! ನೆಲ ಗುಂಡಗೆ ಕುಸಿದು, ಮೇಲಿಂದ ಬಳ್ಳಿ ಜೋತುಬಿದ್ದು, ಕೆಳಗೆ ನೀಲಿ ನೀರು. ನೀರು ಎಷ್ಟು ಅಡಿಗೆ ಸಿಗುತ್ತೆ ಅಂತ ಗೈಡನ್ನ ಕೇಳ್ದೆ. ಎಂಬತ್ತು ಅಂದ. ಎಂಬತ್ತು! ಇಲ್ಲಿ ಸಾವಿರ ಅಡಿ ಕೊರೆದ್ರೂ ಧೂಳು ಬರುತ್ತೆ. ಆ ಊರಲ್ಲಿ ನಾನು ಅಂಗಡಿ ಇಟ್ರೆ ಒಂದು ಮೋಟರೂ ಹೋಗಲ್ಲ."

ಎಲ್ಲರೂ ನಕ್ಕರು. ನಿಜ ಹೇಳಬೇಕೆಂದರೆ ಅವನು ಚೆನ್ನಾಗಿ ಹೇಳುತ್ತಿದ್ದ. ಮೂರು ಪೀರಿಯಡ್‌ಗಳಲ್ಲಿ ನಾನು ಆ ನೀರನ್ನು ಅಷ್ಟು ನೀಲಿಯಾಗಿ ತೋರಿಸಿರಲಿಲ್ಲ. ಅದನ್ನೇ ನನ್ನಿಂದ ತಡೆದುಕೊಳ್ಳಲು ಆಗಲಿಲ್ಲ.

"ಆ ಬಾವಿಗೇ ಅಂತೆ ಆಗಿನ ಕಾಲದಲ್ಲಿ ಮನುಷ್ಯರನ್ನ ಬಲಿ ಹಾಕ್ತಿದ್ದಿದ್ದು. ನಾವು ಈಜಿದ್ದು ಅದರಲ್ಲೇ" ಎಂದ ಮುನಿರಾಜು.

"ಅಲ್ಲ" ಎಂದೆ ನಾನು, ಮಂಡಿ ಬಿಟ್ಟು ಹತ್ತಿರ ಬಂದು. "ಬಲಿ ಬಾವಿ ಬೇರೆ. ಅದಕ್ಕೆ ಯಾರನ್ನೂ ಇಳಿಯೋಕೆ ಬಿಡಲ್ಲ. ನಿಮ್ಮನ್ನ ಇಳಿಸಿದ್ದು ಟೂರಿಸ್ಟ್ ಬಾವಿಗೆ."

"ಹೌದಾ? ಗೈಡು ಹಂಗಂದಂಗಿತ್ತು... ಆ ಗೋಪುರ ರಾಜನ ಸಮಾಧಿ ಅಲ್ವಾ?"

"ಅಲ್ಲ. ದೇವಸ್ಥಾನ."

ಹೀಗೆ ಒಂದಾದ ಮೇಲೊಂದು ತಪ್ಪಿಗೆ ಕೆಂಪು ಶಾಯಿ ಎಳೆದೆ. ಆಮೇಲೆ ಯಾರೂ ಕೇಳದಿದ್ದರೂ ಮೆಟ್ಟಿಲು, ನೆರಳಿನ ಹಾವು, ಸೊನ್ನೆ ಎಲ್ಲವನ್ನೂ ಹೇಳಿ ಒಂದು ಪೂರ್ತಿ ಪಾಠ ಮುಗಿಸಿದೆ. ಕೊನೆಗೆ, "ನಿನ್ನ ಬದಲು ನಿನ್ನ ಅಂಗಡಿ ಪಂಪ್‌ಸೆಟ್ಟನ್ನ ಕಳಿಸಿದ್ರೂ ಇಷ್ಟೇ ನೋಡ್ಕೊಂಡು ಬರ್ತಿತ್ತು ಬಿಡು" ಎಂದುಬಿಟ್ಟೆ.

ಗುಂಪು ಗೊಳ್ಳೆಂದು ನಕ್ಕಿತು. ಮುನಿರಾಜುವೂ ನಕ್ಕ, ಎಲ್ಲರೂ ನಕ್ಕು ಮುಗಿಸಿದ ಮೇಲೆ.

ಮರುದಿನ ಅವನು ವಾಕಿಂಗಿಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೊದಲ ದಿನ ನನಗೆ, ಸುಳ್ಳೇಕೆ, ಸ್ವಲ್ಪ ಗೆದ್ದ ಹಾಗೆಯೇ ಇತ್ತು. ಎರಡನೆಯ ದಿನ ಬೈಟು ಕಾಫಿ ಹೇಳಿ, ಇನ್ನೊಂದು ಲೋಟ ಎದುರಿಗೆ ಇಟ್ಟುಕೊಂಡು ಕೂತೆ. ಅದನ್ನೂ ನಾನೇ ಕುಡಿಯಬೇಕಾಯಿತು, ಆರಿಹೋಗಿತ್ತು. ಮೂರನೆಯ ದಿನ ಫೋನ್ ಮಾಡಲು ಹೋಗಿ ಮಾಡಲಿಲ್ಲ. ಮಾಡಿದರೆ ತಪ್ಪು ಒಪ್ಪಿಕೊಂಡ ಹಾಗೆ. ಜೀವನವೆಲ್ಲ ಬೇರೆಯವರ ತಪ್ಪು ತಿದ್ದಿದವನಿಗೆ ಸ್ವಂತ ತಪ್ಪು ಸಿಕ್ಕಾಗ ಅದನ್ನು ಎಲ್ಲಿ ಇಡಬೇಕೆಂದು ತಿಳಿಯುವುದಿಲ್ಲ.

ಆ ದಿನಗಳಲ್ಲಿ ಆ ಬಾವಿಯನ್ನು ಕುರಿತೇ ಬಹಳ ಯೋಚಿಸಿದೆ. ಮಾಯಾ ಜನರ ಆ ಸೀಮೆಯಲ್ಲಿ ನೆಲದ ಮೇಲೆ ಹರಿಯುವ ನದಿಯಿಲ್ಲ. ಸುಣ್ಣಕಲ್ಲಿನ ನೆಲ, ಮಳೆಯೆಲ್ಲ ಒಳಗೆ ಇಳಿದು, ಅಲ್ಲಲ್ಲಿ ಕುಸಿದ ಕಡೆ ಹೀಗೆ ಬಾವಿಯಾಗಿ ಕಾಣಿಸಿಕೊಳ್ಳುತ್ತದೆ. ಸೆನೋಟೆ ಎನ್ನುತ್ತಾರೆ. ನದಿಯಿಲ್ಲದ ಊರಿನವರಾದ್ದರಿಂದ ಅವರು ಬಾವಿಯನ್ನು ದೇವರೆಂದರು. ನಾವೂ ನದಿಯಿಲ್ಲದ ಊರಿನವರೇ. ನಾವು ಕಾವೇರಿ ನೀರು ನಲ್ಲಿಗೆ ಬಂದ ವರ್ಷ ಹಿತ್ತಲಿನ ಬಾವಿಗೆ ಇಟ್ಟಿಗೆ ಚೂರು ಸುರಿದು, ಕಲ್ಲುಚಪ್ಪಡಿ ಎಳೆದು, ಅದರ ಮೇಲೆ ವಾಷಿಂಗ್ ಮಷೀನ್ ಇಟ್ಟೆವು. ನಮ್ಮ ಮನೆಯದು ಈಗಲೂ ಅಲ್ಲೇ ಗಡಗಡ ಎನ್ನುತ್ತದೆ. ಇಷ್ಟು ಒಳ್ಳೆಯ ವಿಚಾರ ಹೊಳೆದಾಗ ಹೇಳಿಕೊಳ್ಳಲು ಮುನಿರಾಜು ಬೇಕಿತ್ತು. ಬೇರೆಯವರು ನನ್ನ ವಿಚಾರಗಳನ್ನು ಕೇಳಿ "ಹೌದು ಸಾರ್" ಎನ್ನುತ್ತಾರೆ. ಅವನೊಬ್ಬನೇ "ಬಾವಿ ಎಷ್ಟು ಅಡಿ ಇತ್ತು?" ಎಂದು ಕೇಳುವವನು.

ಐದನೆಯ ದಿನ ಬಿನ್ನಿಪೇಟೆಯ ಅವನ ಅಂಗಡಿಗೆ ಹೋದೆ. ಕೈಯಲ್ಲಿ ಬಚ್ಚಲಮನೆ ನಲ್ಲಿಯ ಒಂದು ಹಳೆಯ ವಾಷರ್ ಇತ್ತು. ನಲ್ಲಿ ಸೋರುತ್ತಿರಲಿಲ್ಲ, ಬರಿಗೈಯಲ್ಲಿ ಹೋಗಲು ಧೈರ್ಯವಾಗದೆ ಚೆನ್ನಾಗಿದ್ದ ವಾಷರನ್ನೇ ಬಿಚ್ಚಿಕೊಂಡು ಹೋಗಿದ್ದೆ. ಗಲ್ಲಾದಲ್ಲಿ ಅವನ ಹೆಂಡತಿ ಸರೋಜಮ್ಮ ಕೂತಿದ್ದರು.

"ಬನ್ನಿ ಮೇಷ್ಟ್ರೇ. ಇವರಿಗೆ ಕಿವಿ ನೋವು. ಆ ಬಾವಿ ನೀರು ಹೋಗಿ ಕೀವಾಗಿದೆಯಂತೆ. ಡಾಕ್ಟ್ರು ಓಡಾಡ್ಬೇಡಿ ಅಂದವ್ರೆ. ಎಲ್ಲಾ ನಿಮ್ಮಿಂದಾನೇ!"

"ನನ್ನಿಂದಾನಾ?"

"ಇನ್ಯಾರಿಂದ? ಅಲ್ಲಿ ಎಲ್ರಿಗೂ ಒಂದೊಂದು ಜಾಕೆಟ್ ಹಾಕಿ ನೀರಿಗೆ ಬಿಡ್ತಾರೆ. ಹಾಕ್ಕೊಂಡ್ರೆ ಮುಳುಗೋಕೇ ಆಗಲ್ಲ, ಬೆಂಡಿನ ಥರ ತೇಲ್ತಾರೆ. ಇವರು ಮುಳುಗು ಹಾಕ್ಲೇಬೇಕು ಅಂತ ಜಾಕೆಟ್ ಬಿಚ್ಚಿ ನನ್ ಕಡೆ ಎಸೆದ್ರು. ಒಂದು ಅವರಮ್ಮನ ಹೆಸ್ರಲ್ಲಿ, ಒಂದು ಅವರಣ್ಣನ ಹೆಸ್ರಲ್ಲಿ. ಗೈಡು ಸೀಟಿ ಊದ್ತಾನೆ, ಬಸ್ಸಿನೋರೆಲ್ಲ ಬೈತಾರೆ. ಇನ್ನೊಂದೇ ಒಂದು ಅಂತ ನಿಮ್ಮ ಹೆಸ್ರಲ್ಲಿ ಮೂರನೇದು ಹಾಕಿದ್ರು. ಗೈಡೇ ನೀರಿಗೆ ಹಾರಿ ರೆಟ್ಟೆ ಹಿಡಿದು ಎಳ್ಕೊಂಡ್ಬಂದ."

ತೀರ್ಥಕ್ಕೆ ಹೋದವರು ಬರಲಾಗದವರ ಹೆಸರು ಹೇಳಿ ಒಂದೊಂದು ಮುಳುಗು ಹಾಕುವುದು ನಮ್ಮಲ್ಲಿ ರೂಢಿ. ಕಾವೇರಿಯಲ್ಲಿ, ರಾಮೇಶ್ವರದಲ್ಲಿ ನಾನೂ ಹಾಕಿದ್ದೇನೆ, ನೆಂಟರ ಹೆಸರಿನಲ್ಲಿ. ಮುನಿರಾಜುವಿನ ಹೆಸರು ಆಗ ನೆನಪಿಗೆ ಬಂದಿರಲಿಲ್ಲ.

ಅಷ್ಟರಲ್ಲಿ ಅವನೇ ಒಳಗಿನಿಂದ ಬಂದ. ಬಲಗಿವಿಯಲ್ಲಿ ಹತ್ತಿ, ತಲೆಗೆ ಮಫ್ಲರ್. "ನಿನ್ನ ಗೋತ್ರ ಗೊತ್ತಿರ್ಲಿಲ್ಲ ಕಣೋ" ಎಂದ, ತಪ್ಪಾಯಿತೆನ್ನುವ ದನಿಯಲ್ಲಿ. "ಪೂಜಾರಿನೂ ಇರ್ಲಿಲ್ಲ ಕೇಳೋಕೆ. ಎಂಟನೇ ಕ್ಲಾಸು, ಬಿ ಸೆಕ್ಷನ್, ಶೇಷಗಿರಿ ಅಂದೆ. ನಡೆಯುತ್ತೇನೋ?"

"ನಡೆಯುತ್ತೆ" ಎಂದೆ. ಆಮೇಲೆ ತಲೆ ತಗ್ಗಿಸಿ, "ನನಗೆ ಹೊಟ್ಟೆಕಿಚ್ಚಾಗಿತ್ತು ಕಣೋ. ಅದಕ್ಕೆ ಹಂಗಂದೆ" ಎಂದೆ.

"ಏನು? ಈ ಕಡೆ ಬಾ. ಆ ಕಿವಿ ಕೇಳ್ಸಲ್ಲ."

ಎಡಗಿವಿಯ ಕಡೆ ಹೋಗಿ ಹೇಳಿದೆ. ಮಫ್ಲರ್ ಅಡ್ಡ ಬಂತು. ಮೂರನೆಯ ಸಲ ಕೂಗಿಯೇ ಹೇಳಬೇಕಾಯಿತು: "ನನಗೆ ಹೊಟ್ಟೆಕಿಚ್ಚು ಕಣೋ! ಹೊಟ್ಟೆಕಿಚ್ಚು!" ಅಂಗಡಿಯಲ್ಲಿ ಪೈಪು ಅಳೆಸುತ್ತಿದ್ದ ಇಬ್ಬರು ಗಿರಾಕಿಗಳು ತಿರುಗಿ ನೋಡಿದರು.

"ಗೊತ್ತು" ಎಂದ ಮುನಿರಾಜು. "ಅಲ್ಲಿ ನಿಂತ್ಕೊಂಡಾಗ್ಲೇ ಅನ್ಸ್ತು, ಇಲ್ಲಿ ಇರ್ಬೇಕಾಗಿದ್ದೋನು ನೀನು ಅಂತ. ಪಂಪ್‌ಸೆಟ್ ಮಾತು ಚೆನ್ನಾಗಿತ್ತು, ಅಂಗಡೀಲಿ ಎಲ್ರಿಗೂ ಹೇಳ್ದೆ." ನಾನು ತಂದ ವಾಷರನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುಗಿಸಿ ನೋಡಿದ. "ಆದ್ರೆ ಅಷ್ಟು ಜನರ ಮುಂದೆ ಅನ್ಬಾರ್ದಿತ್ತು ಗುರು. ಹೋಗೋಕ್ ಮುಂಚೆ ನಿನ್ನನ್ನೇ ಕೇಳಿದ್ದೆ ತಾನೆ? ನೀನು ಹೇಳ್ಲಿಲ್ಲ. ಗೈಡ್ ಹೇಳಿದ್ದನ್ನ ನಂಬಿದೆ."

ಕೂತು, ನೆರಳಿನ ಹಾವಿನಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ, ಅವನ ಎಡಗಿವಿಗೆ, ಗಟ್ಟಿಯಾಗಿ. ನಡುನಡುವೆ ಅವನು ತಡೆದು, "ಇಲ್ಲ, ಅಲ್ಲಿ ಹಂಗಿಲ್ಲ, ನಾನು ನೋಡಿದೀನಿ" ಎನ್ನುತ್ತಿದ್ದ. ನಾನು ತಿದ್ದಿಕೊಳ್ಳುತ್ತಿದ್ದೆ. ಗಿರಾಕಿಗಳು ಪೈಪು ಬಿಟ್ಟು ಕೇಳುತ್ತ ನಿಂತರು.

ಹೊಟ್ಟೆಕಿಚ್ಚು ಹೋಯಿತೇ ಎಂದು ನೀವು ಕೇಳಬಹುದು. ಎಲ್ಲಿ ಹೋಗುತ್ತದೆ? ಮುನಿರಾಜುವಿನ ಮೇಲೆ ಈಗ ಇಲ್ಲ, ಅಷ್ಟೆ. ನಾನು ಇಲ್ಲಿ ಬೆಳಗಾಗೆದ್ದು ನಲ್ಲಿಗೆ ವಾಷರ್ ಹಾಕುತ್ತ ಕೂತಿದ್ದೇನೆ. ಶೇಷಗಿರಿ ಎಂಬ ನನ್ನ ಹೆಸರು ಮಾತ್ರ ಸಮುದ್ರ ದಾಟಿ ಹೋಗಿ, ಬಳ್ಳಿಗಳ ನಡುವೆ ಆ ನೀಲಿ ನೀರಿಗಿಳಿದು, ಸೀಟಿ ಊದಿದರೂ ಲೆಕ್ಕಿಸದೆ ಮುಳುಗಿ ಎದ್ದು ಬಂದಿದೆ. ಅರವತ್ತಾರು ವರ್ಷ ಜೊತೆಗಿದ್ದ ಹೆಸರು, ಒಂದು ಮಾತು ಹೇಳಿ ಹೋಗಬಾರದಿತ್ತೇ?