ಲೋಲಾಕ್ಷಿಯ ಮನೆಯ ಏಕನುಡಿ

ಹಟ್ಟಿಯ ಸೆಗಣಿ ಬಾಚಬೇಕು, ದನ ಕರೆಯಬೇಕು, ಬಚ್ಚಲ ಹಂಡೆಗೆ ನೀರು ಸೇದಿ ಬೆಂಕಿ ಹಾಕಬೇಕು, ಗಂಜಿಗೆ ಕುಚ್ಚಲಕ್ಕಿ ಇಡಬೇಕು, ಚಟ್ನಿ ಅರೆಯಬೇಕು, ಗಂಡನ ಪೀಕದಾನಿ ತೊಳೆಯಬೇಕು. ಬೆಳಕು ಹರಿಯುವ ಮೊದಲು ಇಷ್ಟನ್ನೂ ಸುಳ್ಯದ ಲೋಲಾಕ್ಷಿ ಬಾಯಿ ಮುಚ್ಚಿಕೊಂಡೇ ಮಾಡುತ್ತಿದ್ದಳು. ಬಾಯಿ ತೆರೆದರೆ ಏಕನುಡಿಯಲ್ಲೇ ಮಾತಾಡಬೇಕೆಂಬುದು ಗಂಡ ಮೇದಪ್ಪ ಮಾಸ್ತರರ ಅಪ್ಪಣೆ.

ಏಕನುಡಿ ಮಾಸ್ತರರೇ ಕಟ್ಟಿದ ಭಾಷೆ. ಭಾಷೆಯ ಲೆಕ್ಕದಲ್ಲಿ ರಾಜ್ಯಗಳು ಬೇರೆಯಾದ ವರ್ಷ ಅದಕ್ಕೆ ಕೈಹಾಕಿದ್ದರು. ಅರೆಭಾಷೆ, ತುಳು, ಬ್ಯಾರಿ, ಮಲಯಾಳ ಎಂದು ಹಂಚಿಹೋದ ಊರಿಗೆ ಒಂದೇ ನಾಲಗೆ ಬಂದರೆ ಜಗಳವೇ ಇರದು ಎಂಬುದು ಅವರ ವಾದ. ಬರೆದಂತೆಯೇ ಉಚ್ಚಾರ, ದನಿಯ ಒತ್ತು ಯಾವಾಗಲೂ ಕೊನೆಯ ಅಕ್ಷರಕ್ಕೆ, ಅದರ ನೆತ್ತಿಗೊಂದು ಚುಕ್ಕೆ. ಗಂಟಲಿನ ಆಳದಿಂದ ಎಳೆದು ತರುವ ಖಕಾರ ಅವರಿಗೆ ಬಹಳ ಇಷ್ಟ. ಅದನ್ನು ಕಲಿಸುವಾಗ ಎಲೆಯಡಿಕೆಯ ಕೆಂಪು ತುಂತುರು ಲೋಲಾಕ್ಷಿಯ ಮುಖಕ್ಕೆ ಹಾರುತ್ತಿತ್ತು. ಒರೆಸಿಕೊಂಡರೆ ಗಮನ ಇಲ್ಲವೆಂದು ಬೈಗಳು.

ಶಾಂತಿಗೆ, ಜ್ಞಾನಕ್ಕೆ, ಸಹೋದರತ್ವಕ್ಕೆ ಆ ಭಾಷೆಯಲ್ಲಿ ಶಬ್ದಗಳಿದ್ದವು. ಎಂಜಲು ಬಳಿಯುವುದಕ್ಕೆ ಇರಲಿಲ್ಲ. ಬಳಿಯುವವಳು ಇದ್ದಳು. ಮಾಸ್ತರರು ಉಂಡೆದ್ದ ಎಲೆಯಲ್ಲೇ, ಅವರು ಜಗಿದು ಉಗುಳಿದ ನುಗ್ಗೆಯ ನಾರನ್ನು ಬದಿಗೆ ಸರಿಸಿ, ಅವಳು ಉಣ್ಣಬೇಕಿತ್ತು.

ಅದನ್ನೂ ನುಂಗಿಕೊಂಡಿದ್ದಳು. ನುಂಗಲಾಗದ್ದು ಮಗಳ ಸಂಗತಿ. ನಾಲ್ಕು ವರ್ಷದ ಪೂವಮ್ಮ ಹುಟ್ಟಿದಂದಿನಿಂದ ಬೇರೆ ಮಾತು ಕಲಿಯಬಾರದೆಂದು ಮಾಸ್ತರರು ಮನೆಯಲ್ಲಿ ಜೋಗುಳವನ್ನೂ ನಿಲ್ಲಿಸಿದ್ದರು. ಒಂದು ದಿನ ಬೇಲಿಯಾಚೆಯ ಆಯಿಶಮ್ಮ ಹೇಳಿದಳು: “ನಿನ್ನ ಮಗು ನಮ್ಮ ಅಂಗಳಕ್ಕೆ ಬಂದು ಎಂತದೋ ಹೇಳಿತು ಮಾರಾಯ್ತಿ. ನಮ್ಮ ಮಕ್ಕಳು ಭೂತ ಹಿಡಿದದ್ದು ಅಂತ ಓಡಿದ್ರು. ಪಾಪ, ಅದಕ್ಕೆ ಮಾತಾಡ್ಲಿಕ್ಕೆ ಒಬ್ಬರೂ ಇಲ್ವಲ್ಲ.”

ಲೋಲಾಕ್ಷಿ ಇದನ್ನು ಅತ್ತೆ ದುಗ್ಗಮ್ಮನಿಗೆ ಪಿಸುಗುಟ್ಟಿದಳು.

“ಅವ ಓದಿದವ. ಹೆಣ್ಣು ಮಗು ಊರಿನ ಮಾತು ಕಲ್ತು ಎಂತ, ಊರು ಆಳ್ಲಿಕ್ಕುಂಟಾ?” ಎಂದು ಅತ್ತೆ ಬೆನ್ನು ತಿರುಗಿಸಿದರು.

ಆ ವಾರವೇ ಏಕನುಡಿಯ ಮಗುವನ್ನು ನೋಡಲು ಪುತ್ತೂರಿನಿಂದ ತಿರುಮಲೇಶ್ವರ ಎಂಬ ವಕೀಲರು ಬಂದರು. ಮಗುವಿನ ಮೈ ಜ್ವರದಿಂದ ಕಾಯುತ್ತಿತ್ತು. ಆದರೂ ಮಾಸ್ತರರು ಚಾವಡಿಗೆ ತರಿಸಿದರು. ಒಣಗಿದ ತುಟಿಯಲ್ಲಿ ಮಗು “ಝೀಲ” ಎಂದಿತು. ನೀರು ಕೇಳಿದ್ದು. ಒತ್ತು ಮೊದಲ ಅಕ್ಷರಕ್ಕೆ ಬಿತ್ತು.

ಮಾಸ್ತರರು ನೀರಿನ ಲೋಟವನ್ನು ಮೇಲಕ್ಕೆತ್ತಿ ಹಿಡಿದರು. “ಊಹುಂ. ಇನ್ನೊಮ್ಮೆ,” ಎಂದರು, ಏಕನುಡಿಯಲ್ಲೇ.

ಮಗು ಮತ್ತೆ ಅಂದಿತು. ಲೋಟ ಇಳಿಯಲಿಲ್ಲ.

“ಶಿಸ್ತು ಅಂದ್ರೆ ಇದು ನೋಡಿ!” ಎಂದು ವಕೀಲರು ತೊಡೆ ತಟ್ಟಿದರು.

ಮೂರನೆಯ ಸಲ ಬಾಯಿ ತೆರೆದಾಗ ಮಗು ವಾಂತಿ ಮಾಡಿತು. ಮಾಸ್ತರರು ಪಂಚೆ ಎತ್ತಿ ಹಿಂದಕ್ಕೆ ಸರಿದರು.

“ಛೆ! ಇದಕ್ಕೊಂದು ಶಬ್ದ ಮಾಡ್ಲಿಕ್ಕೆ ಉಂಟು.”

ಇಬ್ಬರೂ ನಕ್ಕರು. ಲೋಲಾಕ್ಷಿ ಲೋಟ ಕಸಿದುಕೊಂಡು ಮಗುವಿಗೆ ಕುಡಿಸಿದಳು. ಆಮೇಲೆ ನೆಲ ಒರೆಸಿದಳು. ಅವಳ ತಲೆಯ ಮೇಲೆಯೇ ಮಾತು ಮುಂದುವರಿದಿತ್ತು.

“ಜ್ವರ ಬಿಟ್ಟ ಕೂಡ್ಲೆ ಪುತ್ತೂರಿಗೆ ತನ್ನಿ ಮಾಸ್ಟ್ರೆ, ಸಭೆಯಲ್ಲಿ ನಿಲ್ಲಿಸುವ.”

“ಇವಳನ್ನು ಶಾಲೆಗೆ ಹಾಕುದೇ ಇಲ್ಲ. ಅಲ್ಲಿ ಹೋದ್ರೆ ನಾಲಗೆ ಹಾಳಾಗ್ತದೆ.”

ಗಂಡಸರು ಊಟಕ್ಕೆ ಕುಳಿತರು. ಅನ್ನ ಬಸಿದು ಇಟ್ಟಿತ್ತು. ಚಾವಡಿಯಿಂದ ಏಕನುಡಿಯಲ್ಲಿ ಕರೆ ಬಂತು, ಖಕಾರ ಎಳೆದು. ಲೋಲಾಕ್ಷಿ ಸೌಟು ಕೈಗೆತ್ತಿಕೊಂಡವಳು ಕೆಳಗಿಟ್ಟಳು. ಮಗುವನ್ನು ಸೊಂಟಕ್ಕೇರಿಸಿ ಹಿಂಬಾಗಿಲಿನಿಂದ ಹೊರಗೆ ನಡೆದಳು.

ತವರು ಕೊಲ್ಲಮೊಗ್ರಿನಲ್ಲಿ. ಮದುವೆಯಾದ ಹೊಸತರಲ್ಲಿ ಒಮ್ಮೆ ಓಡಿ ಹೋಗಿದ್ದಾಗ ಅಣ್ಣ ಕುಕ್ಕಪ್ಪ ಅಂಗಳದಿಂದಲೇ ವಾಪಸು ಅಟ್ಟಿದ್ದ. ಈ ಸಲವೂ ಅಟ್ಟಬಹುದು. ಬೇಲಿ ದಾಟುವ ತಡಮೆಯ ಹತ್ತಿರ ನಿಂತಳು. ಬಲಕ್ಕೆ ಸುತ್ತಿ ಬಂದರೆ ಚಾವಡಿಯ ಮೆಟ್ಟಿಲು, ಎಡಕ್ಕೆ ಹೋದರೆ ಕೊಲ್ಲಮೊಗ್ರಿನ ದಾರಿ. ಒಳಗಿಂದ ಮತ್ತೆ ಕರೆದರು.

ಅವಳು ಯಾರನ್ನೂ ಕೇಳಲಿಲ್ಲ. ತಡಮೆ ದಾಟಿ ಎಡಕ್ಕೆ ತಿರುಗಿದಳು.