ಟೇಪಿಗೆ ಉಡಿ ತುಂಬಿದ್ದು

ಮನೆಗೆ ಹೊಸ ಯಂತ್ರವೊಂದು ಬಂದರೆ ಅದರ ಜೊತೆಗೆ ಬಂದ ಸೂಚನೆಗಳ ಪುಸ್ತಕವನ್ನು ನಮ್ಮ ಕಡೆ ಯಾರೂ ಓದುವುದಿಲ್ಲ. ಮೊದಲು ಅದಕ್ಕೆ ಮೂರು ಬೆರಳಿನ ವಿಭೂತಿ ಎಳೆದು, ನಡುವೆ ಕುಂಕುಮದ ಬೊಟ್ಟಿಟ್ಟು, ಕಾಯಿ ಒಡೆದು, ಆಮೇಲೆ ಯಾವ ಗುಂಡಿ ಒತ್ತಬೇಕೆಂದು ಒಬ್ಬರ ಮುಖ ಒಬ್ಬರು ನೋಡುತ್ತೇವೆ. ನಮ್ಮ ಮನೆಯ ಸೈಕಲ್ಲಿನ ಹ್ಯಾಂಡಲ್ಲಿಗೆ, ಹೊಲಿಗೆ ಯಂತ್ರದ ಕುತ್ತಿಗೆಗೆ, ಗೋಡೆ ಗಡಿಯಾರದ ಹಣೆಗೆ ಎಷ್ಟು ನವಮಿಗಳ ಕುಂಕುಮ ಹೆಪ್ಪುಗಟ್ಟಿತ್ತೆಂದರೆ, ಅವುಗಳ ಮೂಲ ಬಣ್ಣ ಯಾವುದೆಂದು ಕೇಳಿದ್ದರೆ ನಾನು ಊಹೆಯಿಂದಲೇ ಉತ್ತರಿಸಬೇಕಾಗುತ್ತಿತ್ತು. ಈ ಯಂತ್ರಾರಾಧನೆಯನ್ನು ನಾನು ಶಿಗ್ಗಾಂವದ ಕಾಲೇಜಿನಲ್ಲಿ, ತರಗತಿಯ ನಾಲ್ಕು ಗೋಡೆಗಳ ನಡುವೆ, ಬಹಳ ನಿರ್ಭಯವಾಗಿ ಖಂಡಿಸುತ್ತಿದ್ದೆ. ಮನೆಯಲ್ಲಿ ಮಾತ್ರ ಬಾಯಿ ಬಿಡುತ್ತಿರಲಿಲ್ಲ, ಏಕೆಂದರೆ ಮನೆಯಲ್ಲಿ ಪಾಠ ಹೇಳುವವಳು ಅವ್ವ.

ಎಂಬತ್ತರ ದಶಕದ ಆರಂಭದಲ್ಲಿ ನಾನೊಂದು ಟೇಪ್ ರೆಕಾರ್ಡರ್ ಕೊಂಡೆ. ಕನ್ನಡ ಕಲಿಸುವವನಾದ ನನಗೆ ಆಗ ಜನಪದ ಹಾಡುಗಳನ್ನು ಸಂಗ್ರಹಿಸುವ ಜ್ವರ ಹತ್ತಿತ್ತು. ಆ ಕಾಲದಲ್ಲಿ ಎಳೆಯ ಅಧ್ಯಾಪಕರಿಗೆ ಅದು ದಡಾರದಂತೆ ತಪ್ಪದೆ ಬರುತ್ತಿತ್ತು. ಯಂತ್ರವನ್ನು ಹೆಗಲಿಗೇರಿಸಿ, ಅವ್ವನನ್ನೂ ಕರೆದುಕೊಂಡು, ತಿಳವಳ್ಳಿಯಲ್ಲಿದ್ದ ಆಕೆಯ ಅಕ್ಕನ ಮನೆಗೆ ಹೋದೆ. ನಾವೆಲ್ಲ ದೊಡ್ಡವ್ವ ಎಂದು ಕರೆಯುತ್ತಿದ್ದ ಆಕೆಗೆ ಬೀಸುವ ಕಲ್ಲಿನ ಹಾಡುಗಳು ಲೆಕ್ಕವಿಲ್ಲದಷ್ಟು ಬರುತ್ತಿದ್ದವು. ಹಾಡಿದಳು, ನಿಜ, ಆದರೆ ಎರಡು ಹಾಡುಗಳ ನಡುವೆ ಯಂತ್ರವನ್ನು ನಿಲ್ಲಿಸುವ ಅವಕಾಶವನ್ನೇ ಕೊಡದೆ, ಬಿಚ್ಚಿಕೊಂಡ ಕರುವಿಗೆ ಬೈದಳು, ಬಾಗಿಲಿಗೆ ಬಂದ ನೆರೆಯವಳನ್ನು ವಿಚಾರಿಸಿಕೊಂಡಳು, ಒಲೆಯ ಮೇಲಿನ ಹಾಲಿನ ಬಗ್ಗೆ ಅವ್ವನನ್ನು ಗದರಿದಳು. ಊರಿಗೆ ಮರಳಿದ ಮೇಲೆ ನಾನು ಟಿಪ್ಪಣಿ ಪುಸ್ತಕದಲ್ಲಿ ಹಾಡುಗಳಿಗೆಲ್ಲ ಸಂಖ್ಯೆ ಕೊಟ್ಟು, ಉಳಿದ ಮಾತುಗಳಿಗೆ ಕೆಂಪು ಮಸಿಯಲ್ಲಿ 'ಅಪ್ರಸ್ತುತ' ಎಂದು ಷರಾ ಬರೆದೆ. ವಿದ್ವತ್ತಿನ ಆರಂಭದ ದಿನಗಳಲ್ಲಿ ಕೆಂಪು ಮಸಿ ಬಹಳ ಖರ್ಚಾಗುತ್ತದೆ.

ಮರುವರ್ಷ ಬೇಸಿಗೆಯಲ್ಲಿ ದೊಡ್ಡವ್ವ ತೀರಿಕೊಂಡಳು. ಅಂದಿನಿಂದ ಪ್ರತಿ ಸೋಮವಾರ ಊಟವಾದ ಮೇಲೆ ಅವ್ವ, “ಅಕ್ಕನ್ನ ಹಚ್ಚೋ” ಎನ್ನುತ್ತಿದ್ದಳು. ನಾನು ಟೇಪು ಹಚ್ಚುತ್ತಿದ್ದೆ. ಆಕೆ ಬತ್ತಿ ಹೊಸೆಯುತ್ತಲೋ ಅಕ್ಕಿ ಆರಿಸುತ್ತಲೋ ಕೇಳುತ್ತ ಕುಳಿತಿರುತ್ತಿದ್ದಳು. ಅವ್ವನಿಗೆ ಜನಪದದಲ್ಲಿ ಇಷ್ಟೊಂದು ಅಭಿರುಚಿ ಇರುವುದು ನನ್ನ ಸಹವಾಸದ ಫಲವೆಂದು ನಾನು ಒಳಗೊಳಗೇ ಬೀಗುತ್ತಿದ್ದೆ.

ಆ ವರ್ಷದ ಮಹಾನವಮಿಗೆ ಅವ್ವ ಎಂದಿನಂತೆ ಮನೆಯ ಆಯುಧಗಳನ್ನೆಲ್ಲ ಪೂಜಿಸಿದಳು. ಮರುದಿನ ಸಂಜೆ ಬನ್ನಿ ಕೊಡಲು ಬಂದವರಿಗೆ ನನ್ನ ಸಂಗ್ರಹದ ರುಚಿ ತೋರಿಸಬೇಕೆಂದು ಎಲ್ಲರನ್ನೂ ಕೂಡಿಸಿ, ಚಿಕ್ಕದೊಂದು ಪೀಠಿಕೆಯನ್ನೂ ಹಾಕಿ, ಗುಂಡಿ ಒತ್ತಿದೆ. ಮೊದಲ ಹಾಡು ಸರಾಗವಾಗಿ ಮುಗಿಯಿತು. ಆಮೇಲೆ ದೊಡ್ಡವ್ವನ ದನಿ ದಪ್ಪಗಾಗಿ, ಗಂಡಸಿನದಾಗಿ, ಕೊನೆಗೆ ಎಮ್ಮೆಯದಾಗಿ ನಿಂತುಹೋಯಿತು. ಮುಚ್ಚಳ ತೆಗೆದು ನೋಡಿದರೆ ಟೇಪು ಒಳಗಿನ ಗಾಲಿಗೆ ಸುತ್ತಿಕೊಂಡಿತ್ತು. ಪೀಠಿಕೆ ಹಾಕಿದವನಿಗೆ ಅಷ್ಟು ಮಂದಿಯ ಎದುರು ತಾಳ್ಮೆ ಎಲ್ಲಿಂದ ಬರಬೇಕು? ಹಿಡಿದು ಜಗ್ಗಿದೆ. ಅದು ಬಾರದಿದ್ದಾಗ ಇನ್ನೂ ಜೋರಾಗಿ ಜಗ್ಗಿದೆ. ಟೇಪು ಹರಿದು ಕೈಗೆ ಬಂತು. ಅದರ ಹಿಂದೆಯೇ ಅರಿಸಿನ, ಕುಂಕುಮ, ಕೆಲವು ಅಕ್ಕಿ ಕಾಳುಗಳು.

ನಾನು ಅವ್ವನ ಕಡೆ ನೋಡಿದೆ. ಆಕೆ ಏನನ್ನೂ ಮುಚ್ಚಿಡಲಿಲ್ಲ.

“ಉಡಿ ತುಂಬೇನಿ. ಅಕ್ಕ ಮನಿಯಾಗ ಅದಾಳ, ಮುತ್ತೈದಿಯಾಗಿ ಹೋದಾಕಿ. ಹಬ್ಬದ ದಿನ ಹಂಗ ಬಿಡಾಕ ಬರ್ತೈತೇನು?”

ಹಬ್ಬದ ದಿನ ಮನೆಯಲ್ಲಿದ್ದ ಮುತ್ತೈದೆಯ ಸೆರಗಿಗೆ ಅಕ್ಕಿ, ಅರಿಸಿನ, ಕುಂಕುಮ ಹಾಕಿ ಉಡಿ ತುಂಬದೆ ಕಳಿಸುವವರು ನಮ್ಮಲ್ಲಿ ಯಾರೂ ಇಲ್ಲ. ದೊಡ್ಡವ್ವನ ದನಿ ಆ ಡಬ್ಬಿಯೊಳಗಿದೆ ಎಂದು ಸಾರಿ ಸಾರಿ ಹೇಳಿದವನು ನಾನು. ಅವ್ವ ಅದನ್ನು ನನಗಿಂತ ಗಂಭೀರವಾಗಿ ನಂಬಿದ್ದಳು, ಅಷ್ಟೆ.

ಸವಣೂರಿನಲ್ಲಿ ದಾದಾಪೀರ ಎಂಬವರು ಗಡಿಯಾರ, ರೇಡಿಯೊ, ಟೇಪುಗಳನ್ನು ದುರಸ್ತಿ ಮಾಡುತ್ತಾರೆಂದು ಕೇಳಿದ್ದೆ. ಮರುದಿನ ಮುಂಜಾನೆಯೇ ಬಸ್ಸು ಹತ್ತಿದೆವು. ಕ್ಯಾಸೆಟ್ಟು, ಹೊರಬಂದ ಟೇಪಿನ ಗೊಂಚಲು ಎಲ್ಲವನ್ನೂ ಅವ್ವ ಒಂದು ಬಿದಿರಿನ ಬುಟ್ಟಿಯಲ್ಲಿ, ಮಡಿಬಟ್ಟೆಯ ಮೇಲೆ ಮಲಗಿಸಿ, ತೊಡೆಯ ಮೇಲಿಟ್ಟುಕೊಂಡಿದ್ದಳು. ನಾನು ದಾರಿಯುದ್ದಕ್ಕೂ ಕಾಂತಶಕ್ತಿಯ ತತ್ವವನ್ನೂ ಧೂಳಿನಿಂದ ಯಂತ್ರಗಳಿಗೆ ಒದಗುವ ಅಪಾಯವನ್ನೂ ಉಪದೇಶಿಸಿದೆ. ನನಗೂ ವಿಜ್ಞಾನಕ್ಕೂ ಪರಿಚಯ ಅಷ್ಟಕ್ಕಷ್ಟೇ ಎಂಬುದು ಬಸ್ಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಮಾತಿಗೆ ಒಳ್ಳೆಯ ಓಟವಿತ್ತು. ಅವ್ವ ಕಿಟಕಿಯ ಹೊರಗೆ ನೋಡುತ್ತ ಒಂದೇ ಮಾತು ಆಡಿದಳು:

“ನಾ ತುಂಬಿದ ಉಡಿಯಿಂದನ ಅಕ್ಕ ಹೋದ್ಲು ಅಂತಾದ್ರ, ಹೆಂಗ ತಡಕೊಳ್ಳಲಿ?”

ನನಗೆ ನಾಚಿಕೆಯಾಯಿತು. ಉಪದೇಶ ಅಲ್ಲಿಗೆ ನಿಂತಿತು ಎಂದು ಬರೆದರೆ ಚೆನ್ನ. ನಿಜವಾಗಿ, ಸ್ವಲ್ಪ ಮೆತ್ತಗಾಯಿತು.

ವೀಳ್ಯದೆಲೆ ಮಾರುವವರ ಸಾಲಿನ ಪಕ್ಕದಲ್ಲಿ ದಾದಾಪೀರರ ಅಂಗಡಿ. “ಬರ್ರಿ ಸರ, ಕುಂತ್ರಿ. ಅವ್ವಾರ, ನೀವು ಇತ್ತಾಗ ಬೆಂಚಿನ ಮ್ಯಾಲ ಕುಂತ್ರಿ” ಎಂದು ಬುಟ್ಟಿಯನ್ನು ಎರಡೂ ಕೈಯಿಂದ ಇಸಿದುಕೊಂಡರು. ಕ್ಯಾಸೆಟ್ಟಿನ ಸಣ್ಣ ತಿರುಪುಗಳನ್ನು ಬಿಚ್ಚಿ, ಚಿಮಟದಿಂದ ಅಕ್ಕಿ ಕಾಳುಗಳನ್ನು ಒಂದೊಂದಾಗಿ ಹೆಕ್ಕಿ ಕಾಗದದ ಮೇಲಿಟ್ಟರು. ನಾನು ಅವನ್ನು ಝಾಡಿಸಲು ಕೈ ಚಾಚಿದರೆ ಅವರು ಕಾಗದವನ್ನು ಮಡಚಿ ಅವ್ವನ ಕಡೆ ನೀಡಿದರು.

“ಉಡಿ ಅಕ್ಕಿ ಐತ್ರಿ ಸರ, ಕಾಲಾಗ ಬೀಳಬಾರ್ದು.”

ಅವ್ವ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ನಂತರ ಅವರು ಟೇಪನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಹೇಳಿದರು: “ಅಕ್ಕಿ ಏನೂ ಕೆಡಿಸಿಲ್ರಿ. ಅದು ಬರೇ ನಿಲ್ಲಿಸೈತಿ. ಇದನ್ನ ಯಾರೋ ಜಗ್ಗ್ಯಾರ.” ಹಾಗೆನ್ನುವಾಗ ಅವರು ನನ್ನನ್ನು ನೋಡಲಿಲ್ಲ. ಅವ್ವ ನೋಡಿದಳು.

ಜಗ್ಗಿದ ರಭಸಕ್ಕೆ ಒಂದು ಮಾರಿನಷ್ಟು ಟೇಪು ಮುದುಡಿ ನಿರಿಗೆಯಾಗಿತ್ತು. ದಾದಾಪೀರರು ಅದರ ಹಿಂದಿನ ಭಾಗವನ್ನು ಹಚ್ಚಿ ಕೇಳಿಸಿದರು. ಮೊದಲ ಹಾಡಿನ ಕೊನೆಯ ಸಾಲು ಮುಗಿಯುತ್ತಿದ್ದಂತೆ ಟೇಪೂ ಮುಗಿಯಿತು. “ಹಾಡೆಲ್ಲಾ ಬರೋಬರಿ ಅದಾವ್ರಿ. ಈ ಮುದುಡಿದ್ದನ್ನ ಹಂಗ ಇಟ್ರ ಮತ್ತ ಗಾಲಿಗೆ ಸುತ್ಕೊಂತೈತಿ, ಮುಂದಿನ ಹಾಡೂ ಹಾಳಾಗ್ತಾವು. ಇಷ್ಟು ಕತ್ತರಿಸಿ ಎರಡೂ ತುದಿ ಕೂಡಿಸಿಬಿಟ್ರ ಚಿಂತಿಲ್ಲ. ಏನ ಮಾಡ್ಲಿ?”

ನಾನು ಟಿಪ್ಪಣಿ ಪುಸ್ತಕ ತೆರೆದೆ. ಒಂದನೆಯ ಹಾಡಿಗೂ ಎರಡನೆಯದಕ್ಕೂ ನಡುವೆ ಕೆಂಪು ಮಸಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು: ಅಪ್ರಸ್ತುತ, ಹಾಲು. ಇಂಥ ಅದೃಷ್ಟ ಯಾವ ಸಂಗ್ರಾಹಕನಿಗೆ ಒದಗೀತು! ಪೂರ್ಣ ಆತ್ಮವಿಶ್ವಾಸದಿಂದ, “ಕತ್ತರಿಸ್ರಿ” ಎಂದೆ.

ಅವರು ಕತ್ತರಿ ಎತ್ತಿಕೊಂಡರು. ಅವ್ವ ಬೆಂಚಿನಿಂದ ಮುಂದೆ ಬಾಗಿ ಟೇಪಿನ ಮೇಲೆ ಅಂಗೈ ಇಟ್ಟಳು.

“ಹಾಡು ಬೇಕಾದ್ರ ಕತ್ತರಿಸ್ರಿ. ಇದನ್ನ ಮುಟ್ಟಬ್ಯಾಡ್ರಿ.”

“ಅವ್ವ, ಅದರಾಗ ಏನೂ ಇಲ್ಲ, ಬರೇ ಹಾಲಿನ ಮಾತು” ಎಂದೆ ನಾನು.

“ಹಾಡು ತಿಳವಳ್ಳ್ಯಾಗ ಹತ್ತು ಮಂದಿಗೆ ಬರ್ತಾವು, ಹೋಗಿ ಬರಕೊಂಡು ಬಾ. ಇದರಾಗ ಅಕ್ಕ ನನ್ನ ಸಣ್ಣಿ ಅಂತಾಳ. ನನಗ ಸಣ್ಣಿ ಅನ್ನಾವ್ರು ಈಗ ಯಾರ ಅದಾರ?”

ವಾಚಕ ಮಹಾಶಯರೇ, ಐದಾರು ತಿಂಗಳಿಂದ ಪ್ರತಿ ಸೋಮವಾರ ನಾನು ಅವ್ವನಿಗೆ ಹಾಡು ಕೇಳಿಸುತ್ತಿದ್ದೇನೆಂದು ತಿಳಿದಿದ್ದೆ. ಆಕೆಯಾದರೋ ಹಾಡು ಮುಗಿಯುವುದನ್ನೇ ಕಾಯುತ್ತ ಕುಳಿತಿದ್ದಳು. ನಮ್ಮ ಮನೆಯಲ್ಲಿ ಆಕೆ ಅವ್ವ, ಅತ್ತೆ, ಅಜ್ಜಿ, ಓಣಿಯವರಿಗೆ ಗೌಡಶ್ಯಾನಿ. ಆಕೆಯೂ ಒಬ್ಬರಿಗೆ ಸಣ್ಣವಳೆಂಬುದಕ್ಕೆ ಉಳಿದಿದ್ದ ದಾಖಲೆ ಆ ಒಂದು ಮಾರು ಟೇಪು. ಅದನ್ನು ಕತ್ತರಿಸಲು ಅಪ್ಪಣೆ ಕೊಟ್ಟವನು ಸಂಗ್ರಹಕಾರನೆಂಬ ಬಿರುದು ಹೊತ್ತ ಆಕೆಯ ಮಗ. ಅಂದು ನನಗೆ ಆದಷ್ಟು ಸಂಕಟ ನನ್ನ ಯಾವ ಲೇಖನವನ್ನು ಯಾರು ತಿರಸ್ಕರಿಸಿದಾಗಲೂ ಆಗಿಲ್ಲ.

ದಾದಾಪೀರರು ಕತ್ತರಿಯನ್ನು ಕೆಳಗಿಟ್ಟು, ಎದುರಿನ ಹೋಟೆಲಿನಿಂದ ಚಹಾ ತರಿಸಿದರು. ಕುಡಿಯಲಿಕ್ಕಲ್ಲ. ಬಿಸಿ ಗಾಜಿನ ಲೋಟಕ್ಕೆ ಮುದುಡಿದ ಟೇಪನ್ನು ಒತ್ತಿ, ಒಂದು ತುದಿಯನ್ನು ಅವ್ವನ ಕೈಗೆ ಕೊಟ್ಟು, ಇನ್ನೊಂದನ್ನು ತಾವು ಹಿಡಿದು, ಹಪ್ಪಳದ ಹಿಟ್ಟು ಲಟ್ಟಿಸುವಷ್ಟು ಜೋಪಾನವಾಗಿ ಹಿಂದಕ್ಕೂ ಮುಂದಕ್ಕೂ ಜರುಗಿಸಿದರು. ಚಹಾ ಆರಿತು, ಇನ್ನೊಂದು ತರಿಸಿದರು. ಆರಿದ ಚಹಾಗಳನ್ನು ಕುಡಿಯುವ ಕೆಲಸ ನನಗೆ ಬಂತು. ಅಷ್ಟು ಮಾತ್ರದ ಯೋಗ್ಯತೆ ನನಗಿದೆಯೆಂದು ಮೂವರಿಗೂ ಆಗ ಒಪ್ಪಿಗೆಯಾಗಿತ್ತು.

ಹಾಡುಗಳ ತುದಿಗಳನ್ನು ಕೂಡಿಸಿ ಹಳೆಯ ಕ್ಯಾಸೆಟ್ಟಿಗೆ ಹಾಕಿದರು. ಆ ಒಂದು ಮಾರನ್ನು ಮಾತ್ರ ಬೇರೊಂದು ಖಾಲಿ ಕ್ಯಾಸೆಟ್ಟಿನೊಳಗೆ ಒಂಟಿಯಾಗಿ ಸುತ್ತಿಟ್ಟರು. “ಹಾಡು ಸರಗ, ಇದು ಅವ್ವಗ” ಎಂದು, ಅದನ್ನೇ ಮೊದಲು ಯಂತ್ರಕ್ಕೆ ಹಾಕಿ ಗುಂಡಿ ಒತ್ತಿದರು.

ಒಂದಿಷ್ಟು ಗರಗರ ಶಬ್ದ. ಆಮೇಲೆ ನೀರಿನೊಳಗಿಂದ ಬಂದಂತೆ ಅಲುಗಾಡುತ್ತ, ಆದರೆ ಸಂಶಯಕ್ಕೆ ಎಡೆಯಿಲ್ಲದಂತೆ, ದೊಡ್ಡವ್ವ: “ಸಣ್ಣೀ, ಹಾಲು ಉಕ್ಕಾಕತ್ತೈತಿ ನೋಡ. ಎಲ್ಲಿ ಲಕ್ಷ್ಯ ಐತಿ ನಿಂದು? ಏಳ ಲಗೂನ.”

ಅರವತ್ತು ದಾಟಿದ ಅವ್ವ ಮೊಣಕಾಲಿಗೆ ಕೈಯೂರಿ ಬೆಂಚಿನಿಂದ ಏಳುತ್ತ, “ಎದ್ನಿ ಅಕ್ಕ, ಎದ್ನಿ” ಎಂದಳು.