ಶಿವಕಾಂತಾಳ ಎಡಸುತ್ತು

ಉದಗೀರದ ಕಾಲೇಜೊಂದರಲ್ಲಿ ಕ್ರೀಡಾ ನಿರ್ದೇಶಕಿಯಾಗಿರುವ ಶಿವಕಾಂತಾ ತನ್ನ ಮೊದಲ ಓಟದಲ್ಲಿ ದಿಕ್ಕು ತಿರುಗಿ ಓಡಿ ಹೊರಬಿದ್ದವಳು. ಔರಾದ ಶಹಾಜನಿಯ ಹತ್ತಿರ ಕುರಿ ಸಾಕುವ ಮನೆತನ ಅವಳದು. ಓಟ ಕಲಿತದ್ದು ಜೋಳದ ಹೊಲಕ್ಕೆ ನುಗ್ಗಿದ ಟಗರುಗಳ ಬೆನ್ನು ಹತ್ತಿ. ಹನ್ನೆರಡನೆಯ ವಯಸ್ಸಿನಲ್ಲಿ ನಿಲಂಗಾದ ಶಾಲಾ ಸ್ಪರ್ಧೆಗೆ ಹೋದಾಗ ಮೈದಾನದ ನಟ್ಟನಡುವೆ ಮೇಜಿಟ್ಟು, ದೇವರ ಫೋಟೋ ಇರಿಸಿ ಕಾಯಿ ಒಡೆದಿದ್ದರು. ಸೀಟಿ ಊದಿದೊಡನೆ ಉಳಿದವರೆಲ್ಲ ಮೇಜನ್ನು ಎಡಕ್ಕಿಟ್ಟುಕೊಂಡು ಓಡಿದರು. ಇವಳು ಗರ್ರನೆ ತಿರುಗಿ, ಮೇಜನ್ನು ಬಲಕ್ಕಿಟ್ಟುಕೊಂಡು ಓಡಿದಳು. ಅರ್ಧ ಸುತ್ತಿಗೆ ಎಲ್ಲರೂ ಎದುರಾದರು.

“ಏ ಹುಡುಗಿ, ನಿನ್ನ ಕುರಿ ಆ ಕಡಿ ಹೋಗ್ಯಾವೇನ?” ಎಂದರು ಆಟದ ಗುರೂಜಿ ಗುರುಲಿಂಗಪ್ಪ.

“ದೇವ್ರು ನಡುವ ಕುಂತಾನಲ್ರೀ ಗುರೂಜಿ. ಎಡಸುತ್ತು ಹ್ಯಾಂಗ ಹಾಕ್ಲಿ?”

ಗುರೂಜಿ ನಕ್ಕರು, ಪಟ್ಟಿಯಿಂದ ಹೆಸರನ್ನೂ ಹೊಡೆದುಹಾಕಿದರು. “ಮುಂದಿನ ವರ್ಷ ದೇವ್ರನ್ನ ಹೊರಗ ಇಡ್ತೀನವ್ವಾ. ನೀ ಒಳಗ ಓಡು.”

ಹಾಗೆಯೇ ಇಟ್ಟರು. ಅವಳು ಮೊದಲು ಬಂದಳು.

ಮುಂದೆ ಉಮರ್ಗಾದಲ್ಲಿ ಪದವಿ, ಆಮೇಲೆ ದೈಹಿಕ ಶಿಕ್ಷಣದ ಓದು, ಉದಗೀರದಲ್ಲಿ ಒಂಬತ್ತು ವರ್ಷ ಗುತ್ತಿಗೆ ಕೆಲಸ. ಹಳೆಯ ನಿರ್ದೇಶಕರು ನಿವೃತ್ತರಾದಾಗ ಕೋಣೆಯ ಕೀಲಿ ಅವಳ ಕೈಗೆ ಬಂತು, ಹುದ್ದೆ ಬರಲಿಲ್ಲ. ‘ಪ್ರಭಾರಿ’ ಎಂಬ ಮಾತು ಹೆಸರಿಗೆ ಉಣ್ಣೆಯಂತೆ ಅಂಟಿತು. ಆ ವರ್ಷ ಅಂತರಕಾಲೇಜು ಮಹಿಳಾ ಓಟದ ಸ್ಪರ್ಧೆ ಈ ಕಾಲೇಜಿನ ಪಾಲಿಗೆ ಬಂದಿತ್ತು.

“ಸ್ಪರ್ಧಾ ಸುಸೂತ್ರ ಆತಂದ್ರ ನಿಮ್ಮ ಹೆಸರು ಕಾಯಮ್ ಹುದ್ದೆಗಿ ಕಳಸ್ತೀನಿ. ಇಲ್ಲಂದ್ರ ನನ್ನ ಬಾಯಿ ಬಂದ್,” ಎಂದರು ಪ್ರಾಚಾರ್ಯ ನೀಲಕಂಠ.

ಜಳಕೋಟ ರಸ್ತೆಯ ಹೊಸ ಮೈದಾನ ಮೊದಲು ಕುರಿ ಮೇಯುತ್ತಿದ್ದ ನೆಲ. ಕೊಟ್ಟವರು ಪಕ್ಕದ ಪುಟ್ಟ ಹಳ್ಳಿ ವಾಡಿಯ ಹಿರಿಯ ಕಾಶೆಪ್ಪ. ಅದರಲ್ಲಿ ಕುರಿಗಾರರ ದೇವರು ಬೀರಪ್ಪನ ಕಲ್ಲೊಂದಿತ್ತು, ಭಂಡಾರದ ಅರಿಸಿನಪುಡಿಯಿಂದ ಹಳದಿಗಟ್ಟಿದ್ದು. ಸುಣ್ಣ ಹಾಕಿ ಓಟದ ಪಟ್ಟಿ ಬರೆದಾಗ ಕಲ್ಲು ಸರಿಯಾಗಿ ನಡುವೆ ಬಿತ್ತು. ಅಭ್ಯಾಸದ ಮೂರನೆಯ ದಿನ ಕಾಶೆಪ್ಪ ಬಂದು ಓಟದ ತಂಡದಲ್ಲಿದ್ದ ಮೊಮ್ಮಗಳು ಪೂನಮಳ ಕೈ ಹಿಡಿದು ಕರೆದೊಯ್ದರು. ವಾಡಿಯ ಉಳಿದ ಏಳು ಹುಡುಗಿಯರೂ ಹಿಂದೆಯೇ ಹೋದರು. ಸ್ಪರ್ಧೆಗೆ ಎಂಟೇ ದಿನ ಉಳಿದಿತ್ತು.

“ಆ ಕಲ್ಲ ಎತ್ತಿ ಬದಿಗಿ ಇಡಸ್ರಿ,” ಎಂದರು ಪ್ರಾಚಾರ್ಯರು. ಶಿವಕಾಂತಾ ಕಲ್ಲು ಮುಟ್ಟದೆ ವಾಡಿಗೆ ಹೋದಳು.

“ನೀ ನಮ್ಮ ಕುಲದಾಕಿ,” ಎಂದರು ಕಾಶೆಪ್ಪ. “ಹೆಣಕ್ಕ ಹಾಕೂ ಎಡಸುತ್ತ ಬೀರಪ್ಪಗ ಹಾಕಸ್ತಿ? ಕಲ್ಲಿಗಿ ಯಾರರೆ ಕೈ ಹಚ್ಚಿದ್ರ ನಾ ಅಡ್ಡ ಮಲಗಾಂವ.”

“ಕಲ್ಲ ಇದ್ದಲ್ಲೇ ಇರ್ಲಿ ಕಾಕಾ. ಪಟ್ಟಿ ಸರಸ್ತೀನಿ.”

“ಎಲ್ಲಿ ಸರಸಿದ್ರೂ ಹುಡುಗ್ಯಾರು ಎಡಕ್ಕೇ ತಿರಗ್ತಾರಲ್ಲ?”

“ತಿರಗ್ಲಿ. ದೇವ್ರು ಪಟ್ಟಿ ಹೊರಗಿದ್ರ ಅವ್ರ ಬಲಗೈಗಿ ಬರ್ತಾನ.”

ಕಾಶೆಪ್ಪ ಕೋಲಿನಿಂದ ಮಣ್ಣಲ್ಲಿ ಒಂದು ಸುತ್ತು ಬರೆದರು, ಹೊರಗೊಂದು ಹರಳಿಟ್ಟರು, ಗೆರೆಯ ಮೇಲೆ ಬೆರಳಾಡಿಸಿದರು. ಎರಡು ಸಲ ನೋಡಿದರು.

“ಹೌದಲ್ಲ! ಕುರಿ ಕಾಯೂದ ಬಿಟ್ಟದ್ದು ಛಲೋ ಆತ ನೋಡು. ಇಲ್ಲಾಂದ್ರ ಅವಕ್ಕೂ ವಾದ ಕಲಸ್ತಿದ್ದಿ.”

ಪಟ್ಟಿ ಪೂರ್ವಕ್ಕೆ ಎಪ್ಪತ್ತು ಹೆಜ್ಜೆ ಸರಿಯಿತು. ನೆಲ ಸಮ ಮಾಡಲು ಆರು ದಿನ ಹಿಡಿಯಿತು. ವಾಡಿಯ ಎಂಟೂ ಹುಡುಗಿಯರು ಗುದ್ದಲಿ ಹಿಡಿದು ಬಂದರು. ಕ್ರಿಕೆಟ್ ತಂಡದ ನಾಯಕ ಮನೋಜನ ಮೋರೆ ಮಾತ್ರ ಊದಿತ್ತು.

“ನಮ್ಮ ಪಿಚ್ ನುಂಗಿದ್ರಲ್ರೀ ಮ್ಯಾಡಮ್.”

“ನುಂಗಿಲ್ಲಪಾ. ಇನ್ನೂ ಎಲಿಗಿ ಸುಣ್ಣ ಹಚ್ಚಾಕತ್ತೀನಿ.”

ಸ್ಪರ್ಧೆಯ ದಿನ ಕಾಶೆಪ್ಪ ಕಲ್ಲಿನ ಪಕ್ಕ ನಿಂತು, ಕೊನೆಯ ಸುತ್ತಿನಲ್ಲಿ ಪೂನಮ ಹಾಯುವಾಗ ಹಿಡಿ ಭಂಡಾರ ತೂರಿದರು. ಬಿಳಿ ಗೆರೆ ಹಳದಿಯಾಯಿತು. ಪೂನಮ ಎರಡನೆಯವಳಾಗಿ ಬಂದಳು; ಮೊದಲ ಸ್ಥಾನ ಉಮರ್ಗಾದ ಹುಡುಗಿಯ ಪಾಲಾಯಿತು.

“ಹಿಂದ ಯಾಕ ಬಿದ್ಲು?” ಎಂದರು ಕಾಶೆಪ್ಪ.

“ನೀವು ಭಂಡಾರ ಒಗದ್ರಿ ಕಾಕಾ. ಆಕಿ ಕಣ್ಣ ಮುಚ್ಚಿದ್ಲು.”

ಬೇರೆ ತಕರಾರು ಬರಲಿಲ್ಲ. ಪ್ರಾಚಾರ್ಯರು ಮಾತಿನಂತೆ ಹೆಸರು ಕಳಿಸಿದರು. ಜೂನಿನಲ್ಲಿ ಕಾಯಮ್ ಆದೇಶ ಬಂತು. ಶಿವಕಾಂತಾ ಅದನ್ನು ಫೋನಿನಲ್ಲಿ ಗುರುಲಿಂಗಪ್ಪ ಗುರೂಜಿಗೆ ಓದಿ ಹೇಳಿದಳು. ಮೈದಾನದ ನಡುವೆ ಬಿದ್ದ ಕಲ್ಲಿನ ಕತೆಯನ್ನೂ ಶುರು ಮಾಡಿದಳು. ಮುದುಕರು ಕೇಳಿದ್ದು ಒಂದೇ.

“ದೇವ್ರನ್ನ ಎಲ್ಲಿ ಇಟ್ಟಿದ್ದಿ ಯವ್ವಾ?”

“ಹೊರಗ್ರೀ.”